ಮಿತವ್ಯಯದ ಸಂಗ್ರಹ: ಮಡಿಸುವ ಚಾಕು ಕಲಿಸುವ ಲೆಕ್ಕ

ಹವ್ಯಾಸಕ್ಕಾಗಿ ವಸ್ತುಗಳನ್ನು ಸಂಗ್ರಹಿಸುವುದು ಹಣವಂತರಿಗೆ ಮಾತ್ರ ಸಾಧ್ಯವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಸಾಂಪ್ರದಾಯಿಕ ಮಡಿಸುವ ಚಾಕುಗಳ ಸಂಗ್ರಹ ಇದಕ್ಕೊಂದು ಅಪವಾದ. ರೈತರು, ಕುರಿಗಾಹಿಗಳು, ಶಾಲಾ ಬಾಲಕರು ಜೇಬಿನಲ್ಲಿಟ್ಟುಕೊಳ್ಳಲೆಂದು ತಯಾರಾದ ಈ ವಸ್ತು ಮೂಲತಃ ಜನಸಾಮಾನ್ಯರದು. ಮಿತವಾದ ಆದಾಯವುಳ್ಳವನೇ ಇದಕ್ಕೆ ಸೂಕ್ತ ಗ್ರಾಹಕ. ಅಷ್ಟೇ ಅಲ್ಲ, ಅವನು ವಿವೇಚನೆಯಿಂದ ವ್ಯಯಿಸುವ ಹಣದಿಂದಲೇ ಈ ಕಸುಬು ಉಳಿಯಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕಪರಿಶೋಧಕನಾಗಿ ಮೊದಲು ಹೇಳಬೇಕಾದದ್ದು ಖಾತೆಯ ವಿಷಯ. ಈ ಖರ್ಚನ್ನು ಹೂಡಿಕೆಯೆಂದು ಪರಿಗಣಿಸದೆ ವೈಯಕ್ತಿಕ ವೆಚ್ಚವೆಂದೇ ಬರೆಯತಕ್ಕದ್ದು. ಮುಂದೆ ಬೆಲೆ ಏರೀತೆಂಬ ಆಸೆಯಿಂದ ಕೊಂಡವನಿಗೆ ವಸ್ತುವಿನ ಗುಣಕ್ಕಿಂತ ಅದರ ವಿರಳತೆಯೇ ಮುಖ್ಯವಾಗುತ್ತದೆ. ಆಗ ಮಿತಿ ಮೀರುವುದು ಖಂಡಿತ. ವರ್ಷಾರಂಭದಲ್ಲಿಯೇ ಒಂದು ಮೊತ್ತವನ್ನು ನಿಗದಿಪಡಿಸಿಕೊಳ್ಳಬೇಕು. ಹೊರದೇಶದಿಂದ ತರಿಸುವುದಾದರೆ ಸಾಗಣೆ ವೆಚ್ಚವನ್ನೂ ಸುಂಕವನ್ನೂ ಕೂಡಿಸಿ, ಕೈಸೇರುವ ವೇಳೆಗೆ ಆಗುವ ಒಟ್ಟು ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಕಡಿಮೆ ಬೆಲೆಯೆಂದರೆ ಕಳಪೆ ಗುಣಮಟ್ಟ ಎಂದು ತಿಳಿಯಬೇಕಾಗಿಲ್ಲ. ಫ್ರಾನ್ಸಿನ ಸವೊಯಾ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಚಾಕುವನ್ನು ನೋಡಿರಿ. ಮರದ ಹಿಡಿ, ಅಲಗು, ಕೀಲುಮೊಳೆ, ಲೋಹದ ಪಟ್ಟಿ ಮತ್ತು 1955ರಲ್ಲಿ ಸೇರಿದ ತಿರುಗುವ ಬೀಗದ ಬಳೆ ಇವಿಷ್ಟೇ ಅದರ ಭಾಗಗಳು. ಅದು ಅಗ್ಗವಾಗಿರುವುದು ರಚನೆಯ ಸರಳತೆಯಿಂದ. ಥಿಯೆರ್ ಪಟ್ಟಣದಲ್ಲಿ 1929ರಿಂದ ತಯಾರಾಗುತ್ತಿರುವ ಡೂಕ್‌ಡೂಕ್ ಚಾಕುವಿನ ಹಿಡಿಯಂತೂ ಕೇವಲ ಮಡಿಸಿದ ಲೋಹದ ತಗಡು.

ಜಪಾನಿನ ಮಿಕಿ ನಗರದ ಹಿಗೊನೊಕಾಮಿ ಚಾಕುವೂ ಇದೇ ಬಗೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಈ ಚಾಕುವಿನಿಂದ ಅಲ್ಲಿನ ಮಕ್ಕಳು ಶಾಲೆಯಲ್ಲಿ ಪೆನ್ಸಿಲ್ ಹೆರೆಯುತ್ತಿದ್ದರು. 1960ರಲ್ಲಿ ರಾಜಕೀಯ ನಾಯಕ ಅಸಾನುಮಾ ಅವರು ಕತ್ತಿಯ ಇರಿತಕ್ಕೆ ಬಲಿಯಾದ ಬಳಿಕ ಮಕ್ಕಳ ಕೈಯಲ್ಲಿ ಚಾಕು ಇರಬಾರದೆಂಬ ಚಳವಳಿ ಹಬ್ಬಿತು, ಬೇಡಿಕೆ ಕುಸಿಯಿತು. ಒಂದು ಕಾಲಕ್ಕೆ ಹಲವು ಕಮ್ಮಾರರು ಹಂಚಿಕೊಂಡಿದ್ದ ಆ ಹೆಸರಿಗೆ ಈಗ ಉಳಿದಿರುವ ಅಧಿಕೃತ ತಯಾರಕರು ಒಬ್ಬರೇ. ಹೀಗಿದ್ದರೂ ಅದರ ಸಾಧಾರಣ ಮಾದರಿ ಇಂದಿಗೂ ದುಬಾರಿಯಲ್ಲ. ಅಂತಹ ಒಂದನ್ನು ಕೊಳ್ಳುವುದು ಹೆಸರಿಲ್ಲದ ಹತ್ತು ಚಾಕುಗಳನ್ನು ಕೊಳ್ಳುವುದಕ್ಕಿಂತ ಮೇಲು.

ಹೆಸರಿನ ಮಾತು ಬಂದಾಗ ಲಾಗಿಯೋಲ್ ಎಂಬ ಫ್ರೆಂಚ್ ಗ್ರಾಮದ ಪ್ರಕರಣ ವ್ಯಾಪಾರಸ್ಥರೆಲ್ಲರೂ ಅರಿಯತಕ್ಕದ್ದು. ಹತ್ತೊಂಬತ್ತನೆಯ ಶತಮಾನದಿಂದ ಚಾಕುವಿಗೆ ಹೆಸರಾದ ಈ ಊರಿನ ಹೆಸರನ್ನು 1993ರಲ್ಲಿ ಹೊರಗಿನ ಉದ್ಯಮಿಯೊಬ್ಬರು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿಕೊಂಡರು. ತರುವಾಯ ಅದೇ ಹೆಸರಿನಲ್ಲಿ ಬೇರೆ ಬೇರೆ ಸರಕುಗಳು, ಆಮದಾದ ಅಗ್ಗದ ಚಾಕುಗಳು ಮಾರುಕಟ್ಟೆಗೆ ಬಂದವು. ಗ್ರಾಮವು ವರ್ಷಗಟ್ಟಲೆ ವ್ಯಾಜ್ಯ ಹೂಡಬೇಕಾಯಿತು. 2014ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಗ್ರಾಮದ ವಾದವನ್ನು ತಳ್ಳಿಹಾಕಿತು. 2016ರಲ್ಲಿ ದೇಶದ ಉನ್ನತ ನ್ಯಾಯಾಲಯ ಆ ತೀರ್ಪನ್ನು ಬಹುಮಟ್ಟಿಗೆ ರದ್ದುಗೊಳಿಸಿತು. ಆದುದರಿಂದ ಪ್ರಸಿದ್ಧ ಹೆಸರು, ನಂಬಲಾಗದಷ್ಟು ಕಡಿಮೆ ಬೆಲೆ ಇವೆರಡೂ ಒಟ್ಟಿಗೆ ಕಂಡಾಗ ತಯಾರಕರು ಯಾರೆಂದು ಮೊದಲು ವಿಚಾರಿಸಬೇಕು.

ಹಳೆಯ ಚಾಕು ಕೊಳ್ಳುವವರು ಮೂರು ಅಂಶಗಳನ್ನು ಪರೀಕ್ಷಿಸಿದರೆ ಸಾಕು: ಸಾಣೆ ಹಿಡಿದು ಹಿಡಿದು ಅಲಗು ಸವೆದಿದೆಯೇ, ತೆರೆದಾಗ ಕೀಲು ಅಲುಗಾಡುತ್ತದೆಯೇ, ತುಕ್ಕು ಆಳಕ್ಕಿಳಿದು ಗುಳಿ ಬಿದ್ದಿದೆಯೇ. ಕಾರ್ಬನ್ ಉಕ್ಕಿನ ಅಲಗನ್ನು ಬಳಸಿದ ಮೇಲೆ ಒರೆಸಿ, ತೆಳುವಾಗಿ ಎಣ್ಣೆ ಸವರಿಡಬೇಕು. ಚಾಕುಗಳ ಅಳತೆ ಮತ್ತು ಬಗೆಗಳ ಕುರಿತ ಕಾನೂನನ್ನು ಖರೀದಿಗೆ ಮೊದಲೇ ತಿಳಿದುಕೊಳ್ಳುವುದೂ ಅವಶ್ಯ. ವಿಮಾನದಲ್ಲಿ ಕೈಚೀಲದೊಳಗೆ ಚಾಕು ಒಯ್ಯುವಂತಿಲ್ಲ.

ನಮ್ಮ ದೇಶಕ್ಕೂ ಇಂತಹ ಪರಂಪರೆಯಿದೆ. ಉತ್ತರ ಪ್ರದೇಶದ ರಾಂಪುರದ ಚಾಕು ಹಿಂದಿ ಚಲನಚಿತ್ರಗಳ ಖಳನಾಯಕರ ಕೈಯಲ್ಲಿ ಕುಖ್ಯಾತಿ ಗಳಿಸಿತು. 1990ರ ದಶಕದಲ್ಲಿ ಉದ್ದ ಅಲಗಿನ ಚಾಕುಗಳಿಗೆ ನಿರ್ಬಂಧ ಬಂದ ಮೇಲೆ ಕುಶಲಕರ್ಮಿಗಳ ಸಂಖ್ಯೆ ಇಳಿಯುತ್ತಾ ಹೋಯಿತು. 2023ರಲ್ಲಿ ಆ ನಗರದ ವೃತ್ತವೊಂದರಲ್ಲಿ ಬೃಹತ್ ಚಾಕುವಿನ ಪ್ರತಿಕೃತಿಯನ್ನು ಸ್ಥಾಪಿಸಲಾಯಿತು. ಇದು ಗೌರವದ ಸಂಗತಿಯೇ. ಆದರೆ ಕುಲುಮೆಯ ಬೆಂಕಿ ಆರದಿರಲು ಬೇಕಾದದ್ದು ಖರೀದಿದಾರರು.

ನಮ್ಮಲ್ಲಿ 1999ರ ಭೌಗೋಳಿಕ ಸೂಚಕಗಳ ಕಾಯಿದೆ 2003ರಿಂದ ಜಾರಿಯಲ್ಲಿದ್ದು, ಚನ್ನಪಟ್ಟಣದ ಆಟಿಕೆ, ಮೈಸೂರು ರೇಷ್ಮೆ, ಇಳಕಲ್ ಸೀರೆಗಳು ಅದರ ರಕ್ಷಣೆ ಪಡೆದಿವೆ. ಕಾಯಿದೆ ಹೆಸರನ್ನು ರಕ್ಷಿಸಬಲ್ಲದು. ಕಸುಬುದಾರನ ದಿನಗೂಲಿಯನ್ನು ಅದು ತುಂಬಿಕೊಡಲಾರದು. ವರ್ಷಕ್ಕೆ ಎರಡೇ ಚಾಕು ಕೊಂಡರೂ, ತಯಾರಕನ ಗುರುತುಳ್ಳದ್ದನ್ನು ನ್ಯಾಯವಾದ ಬೆಲೆಗೆ ಕೊಂಡು, ದಿನನಿತ್ಯ ಹಣ್ಣು ಹೆಚ್ಚಲು ಬಳಸುವ ಗ್ರಾಹಕ ಆ ಕೊರತೆಯನ್ನು ತನ್ನ ಪಾಲಿನಷ್ಟು ತುಂಬುತ್ತಾನೆ. ಅವನ ಸಂಗ್ರಹ ಚಿಕ್ಕದಿರಬಹುದು. ಅದರ ಲೆಕ್ಕ ಮಾತ್ರ ಚೊಕ್ಕವಾಗಿರುತ್ತದೆ.