ಚೀಟಿ ಎತ್ತುವ ನ್ಯಾಯ

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಪ್ರತಿ ವರ್ಷ ಕ್ರೀಡಾಕೂಟದಲ್ಲಿ ನನ್ನನ್ನು ಅಂಕ ಬರೆಯುವ ಮೇಜಿನ ಮುಂದೆ ಕೂರಿಸುತ್ತಾರೆ. ನಾನು ಓಡಿದವಳಲ್ಲ, ಹಾರಿದವಳಲ್ಲ. ಶಾಮಿಯಾನದ ನೆರಳಲ್ಲಿ ಕುಳಿತು ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1 ಎಂದು ಬರೆದು ಕೂಡುವವಳು. ಆದರೆ ಬಯಲಿನಲ್ಲಿ ಆಗದ ಅನ್ಯಾಯ ಈ ಮೇಜಿನ ಮೇಲೆ ಆಗುತ್ತದೆ ಎಂದು ತಿಳಿದದ್ದು ಅಲ್ಲಿ ಕುಳಿತದ್ದರಿಂದಲೇ.

ಕೆಲವು ವರ್ಷಗಳ ಹಿಂದಿನ ಮಾತು. ಹೈಸ್ಕೂಲು ಹುಡುಗಿಯರ ವೈಯಕ್ತಿಕ ವೀರಾಗ್ರಣಿ ಪ್ರಶಸ್ತಿಗೆ ಇಬ್ಬರು ಸಮವಾಗಿ ನಿಂತರು. ಒಬ್ಬಳು 100 ಮೀಟರ್, 200 ಮೀಟರ್ ಓಟಗಳೆರಡರಲ್ಲೂ ಮೊದಲು, ಉದ್ದ ಜಿಗಿತದಲ್ಲಿ ಮೂರನೆಯವಳು. ಇನ್ನೊಬ್ಬಳು ಗುಂಡು ಎಸೆತದಲ್ಲಿ ಮೊದಲು, ಚಕ್ರ ಎಸೆತ ಮತ್ತು ಎತ್ತರ ಜಿಗಿತದಲ್ಲಿ ಎರಡನೆಯವಳು. ಕೂಡಿದರೆ ಇಬ್ಬರಿಗೂ 11. ಸಮ ಬಂದರೆ ಏನು ಮಾಡಬೇಕೆಂದು ನಮ್ಮ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟೆವು.

'ಹೆಚ್ಚು ಮೊದಲ ಸ್ಥಾನ ಗಳಿಸಿದವಳಿಗೆ ಕೊಡಿ' ಎಂದರು ಓಟಗಾರ್ತಿಯ ಶಾಲೆಯವರು. 'ವಯಸ್ಸಿನಲ್ಲಿ ಚಿಕ್ಕವಳಿಗೆ ಕೊಡಿ' ಎಂದರು ಇನ್ನೊಂದು ಶಾಲೆಯವರು. ಯಾರ ನಿಯಮ ಯಾರ ಹುಡುಗಿಗಾಗಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. 'ಎರಡು ಚೀಟಿ ಬರೀರಿ ಮೇಡಂ' ಎಂದರು ಪಿ.ಟಿ. ಮೇಷ್ಟ್ರು. ನಾನು ತುಟಿ ಬಿಚ್ಚದೆ ದುಂಡಗೆ ಬರೆದುಕೊಟ್ಟೆ. ಒಂದನೇ ತರಗತಿಯ ಮಗುವೊಂದು ಒಂದು ಚೀಟಿ ಎತ್ತಿತು. ಓಟಗಾರ್ತಿಯ ಹೆಸರು ಡಬ್ಬಿಯಲ್ಲೇ ಉಳಿಯಿತು.

ಆಕೆ ಮೇಜಿನ ಬಳಿ ಬಂದಳು. ಅಳಲಿಲ್ಲ. 'ಮೇಡಂ, ನಾನು ಎಲ್ಲಿ ಸೋತೆ?' ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಸೋತ ಮಗುವಿಗೆ ಎಲ್ಲಿ ಸೋತೆ ಎಂದು ತೋರಿಸಲಾಗದಿದ್ದರೆ ಅದನ್ನು ಸೋಲು ಎಂದು ಕರೆಯಲು ನಮಗೇನು ಹಕ್ಕು?

'ಒಂದು ಕಪ್ಪಿಗೆ ಇಷ್ಟು ರಂಪವೇ?' ಎಂದು ನೀವು ಕೇಳಬಹುದು. ನಮ್ಮ ಸಹೋದ್ಯೋಗಿಗಳೂ ಕೇಳಿದರು. ನನ್ನ ವಾದ ಇಷ್ಟೇ. ಸಮ ಬಂದವರನ್ನು ಬೇರ್ಪಡಿಸುವ ನಿಯಮ ಆಟಕ್ಕೆ ಮೊದಲೇ ಎಲ್ಲರ ಕಿವಿಗೂ ಬಿದ್ದಿರಬೇಕು. ಅದು ಆಟದ ಹುರುಳನ್ನೇ ಅಳೆಯಬೇಕು. ಹಾಗೆ ಅಳೆಯಲು ಏನೂ ಉಳಿಯದಿದ್ದರೆ ಸಮ ಎಂದೇ ಒಪ್ಪಿ ಹಂಚಿಕೊಡಬೇಕು.

ಮೊದಲೇ ಬರೆದರೆ ಸಾಕು ಎನ್ನುವವರು 2019ರ ವಿಶ್ವಕಪ್ ಕ್ರಿಕೆಟ್ ಫೈನಲ್ ನೆನಪಿಸಿಕೊಳ್ಳಲಿ. ಲಾರ್ಡ್ಸ್ ಮೈದಾನದಲ್ಲಿ ನ್ಯೂಜಿಲೆಂಡ್ 241, ಇಂಗ್ಲೆಂಡ್ 241. ಸೂಪರ್ ಓವರಿನಲ್ಲೂ ಇಬ್ಬರದೂ 15. ಆಗ ಎಣಿಸಿದ್ದು ಬೌಂಡರಿಗಳನ್ನು: ಇಂಗ್ಲೆಂಡಿನದು 26, ನ್ಯೂಜಿಲೆಂಡಿನದು 17. ಕಪ್ಪು ಇಂಗ್ಲೆಂಡಿಗೆ ಹೋಯಿತು. 50 ಓವರುಗಳಲ್ಲಿ ಇಂಗ್ಲೆಂಡ್ ಹತ್ತೂ ವಿಕೆಟ್ ಕಳೆದುಕೊಂಡಿತ್ತು, ನ್ಯೂಜಿಲೆಂಡ್ ಎಂಟೇ. ಅದನ್ನು ಯಾರೂ ಲೆಕ್ಕಕ್ಕೆ ತರಲಿಲ್ಲ. ಓಡಿ ತೆಗೆದ ನಾಲ್ಕು ರನ್ನು ಹೊಡೆದ ನಾಲ್ಕಕ್ಕಿಂತ ಕಡಿಮೆಯೇ? ಮೂಗಿಗಿಂತ ಮೂಗುತಿಯೇ ಭಾರವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ನಿಯಮವನ್ನು ಕೈಬಿಟ್ಟರು. ಆದರೆ ಕೊಟ್ಟ ಕಪ್ಪು ಹಿಂದೆ ಬರುವುದೇ?

ಕೆಟ್ಟ ನಿಯಮ ಆಟವನ್ನೂ ಕೆಡಿಸುತ್ತದೆ. 2018ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಜಪಾನ್, ಸೆನೆಗಲ್ ಎರಡಕ್ಕೂ 4 ಅಂಕ. ಹೊಡೆದ ಗೋಲು ನಾಲ್ಕು ನಾಲ್ಕು, ಬಿಟ್ಟುಕೊಟ್ಟದ್ದೂ ನಾಲ್ಕು ನಾಲ್ಕು, ತಮ್ಮ ತಮ್ಮೊಳಗಿನ ಪಂದ್ಯ 2-2. ಕೊನೆಗೆ ಹಳದಿ ಕಾರ್ಡು ಎಣಿಸಿದರು. ಜಪಾನಿನದು 4, ಸೆನೆಗಲ್ಲಿನದು 6. ಪೋಲೆಂಡ್ ಎದುರು ಒಂದು ಗೋಲಿನಿಂದ ಸೋಲುತ್ತಿದ್ದ ಜಪಾನ್, ಅತ್ತ ಸೆನೆಗಲ್ಲೂ ಸೋಲುತ್ತಿದೆ ಎಂಬ ಸುದ್ದಿ ಸಿಕ್ಕ ಮೇಲೆ ಕೊನೆಯ ನಿಮಿಷಗಳಲ್ಲಿ ಚೆಂಡನ್ನು ತಮ್ಮೊಳಗೇ ಹಿಂದಕ್ಕೂ ಮುಂದಕ್ಕೂ ಒದೆಯುತ್ತ ಕಾಲ ಕಳೆಯಿತು. ನೋಡಲು ಬಂದವರು ಛೀಮಾರಿ ಹಾಕಿದರು. ನಾನು ಆಟಗಾರರನ್ನು ದೂರುವುದಿಲ್ಲ. ಆಡದಿರುವುದೇ ಲಾಭ ಎಂದು ಕಲಿಸಿದ್ದು ಪಟ್ಟಿ.

ಒಳ್ಳೆಯ ಮಾದರಿಯೂ ಉಂಟು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಕತಾರಿನ ಬರ್ಶಿಮ್, ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ಹಾರಿದರು. ಜಿಗಿತದಲ್ಲಿ ಸಮ ಬಂದರೆ ಆ ಎತ್ತರದಲ್ಲಿ ಯಾರು ಎಷ್ಟು ಸಲ ತಪ್ಪಿದರು ಎಂದು ನೋಡುತ್ತಾರೆ, ಆಮೇಲೆ ಅದುವರೆಗಿನ ಒಟ್ಟು ತಪ್ಪುಗಳನ್ನು. ಎರಡೂ ಜಿಗಿತದ್ದೇ ಅಳತೆ. ಇಬ್ಬರೂ ಅಲ್ಲಿಯವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ಮತ್ತೆ ಹಾರಬಹುದಿತ್ತು. ಆದರೆ ಇಬ್ಬರೂ ಚಿನ್ನ ಹಂಚಿಕೊಳ್ಳಲು ಒಪ್ಪಿದರು. ಒಬ್ಬರ ಪದಕದ ಹೊಳಪೂ ಅದರಿಂದ ಮಾಸಲಿಲ್ಲ.

ಹಾಗಾದರೆ ನಮ್ಮ ಪಟ್ಟಿ ಹೇಗಿರಬೇಕು? ಅಂಕ ಸಮವಾದರೆ ಮೊದಲ ಸ್ಥಾನಗಳನ್ನು ಎಣಿಸಿ. ಅವೂ ಸಮವಾದರೆ ಎರಡನೆಯ ಸ್ಥಾನಗಳನ್ನು, ಆಮೇಲೆ ಮೂರನೆಯವನ್ನು. ಒಲಿಂಪಿಕ್ ಪದಕಪಟ್ಟಿಯಲ್ಲಿ ಚಿನ್ನ, ಬೆಳ್ಳಿ, ಕಂಚು ಎಂದು ನೋಡುವುದೂ ಹೀಗೆಯೇ, ಮೂರೂ ಸಮವಾದರೆ ಎರಡು ದೇಶಕ್ಕೂ ಒಂದೇ ಸ್ಥಾನ. ತಂಡಗಳಾದರೆ ತಮ್ಮೊಳಗಿನ ಪಂದ್ಯ ಯಾರು ಗೆದ್ದರು ಎಂದು ಮೊದಲು ನೋಡಿ. ಮುಂದಿನ ಹಂತಕ್ಕೆ ಒಬ್ಬರೇ ಹೋಗಬೇಕಾದರೆ ಮತ್ತೊಮ್ಮೆ ಆಡಿಸಿ. ಪ್ರಶಸ್ತಿಯಾದರೆ ಹಂಚಿ. ಕಪ್ಪು ಒಂದೇ ಎನ್ನುವಿರಾ? ಆರು ತಿಂಗಳು ಅವರ ಶಾಲೆಯಲ್ಲಿ, ಆರು ತಿಂಗಳು ಇವರ ಶಾಲೆಯಲ್ಲಿ ಇರಲಿ.

ಅಂದು ನಿಯಮವಿದ್ದು ಅದು ಗುಂಡು ಎಸೆದ ಹುಡುಗಿಯ ಕಡೆ ಬಿದ್ದಿದ್ದರೂ ನನಗೆ ತಕರಾರಿರುತ್ತಿರಲಿಲ್ಲ. ಓಟಗಾರ್ತಿಗೆ 'ಇಲ್ಲಿ ನೋಡಮ್ಮ' ಎಂದು ಬೆರಳಿಟ್ಟು ತೋರಿಸುತ್ತಿದ್ದೆ. ಗೆದ್ದವಳಿಗೂ ಆ ಚೀಟಿ ನ್ಯಾಯ ಮಾಡಲಿಲ್ಲ. ಅವಳ ಬೆವರಿನ 11 ಅಂಕಕ್ಕೆ ಅದೃಷ್ಟ ಎಂಬ ಹೆಸರು ಬಂತು.

ಇದು ಶಾಲೆಯ ಮಾತು ಮಾತ್ರವಲ್ಲ. ನಮ್ಮ ಮಹಿಳಾ ಸಮಾಜಗಳ ರಂಗೋಲಿ ಸ್ಪರ್ಧೆಯಲ್ಲಿ ಇಬ್ಬರು ಸಮ ಬಂದಾಗ 'ಪಾಪ, ಅವರು ಹಿರಿಯರು' ಎಂದೋ 'ಅವರಿಗೆ ಹೋದ ವರ್ಷ ಬಂದಿತ್ತಲ್ಲ' ಎಂದೋ ತೀರ್ಮಾನಿಸುವುದು ನಾವೇ ಅಲ್ಲವೇ?

ಮರುವರ್ಷ ಆ ಓಟಗಾರ್ತಿ ಕೂಟಕ್ಕೆ ಬರಲಿಲ್ಲ. ಕಾರಣ ಚೀಟಿಯೋ, ಮನೆಯೋ, ಕೇಳುವ ಧೈರ್ಯ ನನಗಾಗಲಿಲ್ಲ. ಆ ವರ್ಷದಿಂದ ಕೂಟದ ಸೂಚನಾಪತ್ರದ ಕೆಳಗೆ ಸಮ ಬಂದರೆ ಏನೆಂಬ ನಾಲ್ಕು ಸಾಲು ಬರೆಸದೆ ನಾನು ಮೇಜಿನ ಮುಂದೆ ಕೂರುವುದಿಲ್ಲ. ಮಗಳ ಓಟ ನೋಡಲು ಹೋಗುವ ತಾಯಂದಿರೇ, ಸೀಟಿ ಊದುವ ಮೊದಲೇ ನೀವೂ ಒಂದು ಮಾತು ಕೇಳಿ: 'ಸಮ ಬಂದರೆ ಏನು ಮಾಡುತ್ತೀರಿ?' ಉತ್ತರ ಬರುವವರೆಗೂ ಮೇಜಿನ ಮುಂದೆಯೇ ನಿಂತಿರಿ.