ಕೌದಿ ಹೊಲಿಯಲು ದೊಡ್ಡ ಮಷಿನ್ ಬೇಕೆ?

ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಹಳೆಯ ವಿದ್ಯೆ. ಈಗ ನಗರದ ಗೃಹಿಣಿಯರೂ ಇದಕ್ಕೆ ಮನಸ್ಸು ಮಾಡುತ್ತಿದ್ದಾರೆ. ಒಂದೆರಡು ಕೌದಿ ಹೊಲಿದು ನಾಲ್ಕು ಜನ ಹೊಗಳಿದರೆ ಸಾಕು, ‘ದೊಡ್ಡ ಮಷಿನ್ ತಗೊಂಡು ಬಿಸಿನೆಸ್ ಶುರು ಮಾಡಿದ್ರೆ ಹೇಗೆ?’ ಅನ್ನೋ ಯೋಚನೆ ಬರುತ್ತದೆ. ಆಸೆ ಒಳ್ಳೆಯದೇ. ಆದರೆ ಚೀಟಿ ಎತ್ತುವ ಮುನ್ನ, ಬಳೆ ಅಡ ಇಡುವ ಮುನ್ನ ಸ್ವಲ್ಪ ಲೆಕ್ಕ ಹಾಕಿ.

ಮನೆಯ ಮಷಿನ್‌ನಲ್ಲಿ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಸುಮಾರು ಆರೇಳು ಇಂಚು ಜಾಗ. ಡಬಲ್ ಕಾಟ್ ಅಳತೆಯ ಕೌದಿಯನ್ನು ಸುತ್ತಿ ಅಲ್ಲಿ ತೂರಿಸುವಷ್ಟರಲ್ಲಿ ತೋಳು ಸೋತುಹೋಗುತ್ತದೆ. ಅಮೆರಿಕದ ಕ್ವಿಲ್ಟ್ ಹೊಲಿಗೆಯವರು ಬಳಸುವ ಲಾಂಗ್ ಆರ್ಮ್ ಯಂತ್ರಗಳಲ್ಲಿ ಈ ಜಾಗ ಸಾಮಾನ್ಯವಾಗಿ 18ರಿಂದ 26 ಇಂಚು. ಅಲ್ಲಿ ಬಟ್ಟೆ ಚೌಕಟ್ಟಿನ ಮೇಲೆ ಬಿಗಿಯಾಗಿರುತ್ತದೆ, ಯಂತ್ರವೇ ಅದರ ಮೇಲೆ ಓಡಾಡುತ್ತದೆ. ದೊಡ್ಡ ಹಾಸಿಗೆಯ ಅಳತೆಗೆ ಚೌಕಟ್ಟೇ 10–12 ಅಡಿ ಉದ್ದ. ನಿಮ್ಮ ಹಾಲ್‌ನ ಒಂದು ಗೋಡೆ ಅದಕ್ಕೇ ಹೋಯಿತು! ಅಲ್ಲಿನವರು ಬೇರೆಯವರು ಜೋಡಿಸಿ ತಂದ ಕ್ವಿಲ್ಟ್‌ಗಳಿಗೆ ಚದರ ಇಂಚಿನ ಲೆಕ್ಕದಲ್ಲಿ ಕೂಲಿ ಪಡೆದು ಹೊಲಿದುಕೊಡುತ್ತಾರೆ. ನಿಮ್ಮ ಬಡಾವಣೆಯಲ್ಲಿ ಅಂಥ ಗಿರಾಕಿಗಳು ಎಷ್ಟಿದ್ದಾರೆ, ನೀವೇ ಯೋಚಿಸಿ.

ಇನ್ನೊಂದು ಮಾತು. ಕೌದಿಗೆ ಬೆಲೆ ಬರುವುದೇ ಕೈಹೊಲಿಗೆಯಿಂದ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಶುರುಮಾಡಿ ನಡುವಿನವರೆಗೆ ಕೈಯಲ್ಲೇ ಹೊಲಿಯುವ ಕೌದಿಗಳು ಹೆಸರಾಗಿರುವುದು ಅದಕ್ಕೇ. ಆದ್ದರಿಂದ ತುಂಡು ಜೋಡಿಸುವುದು, ಅಂಚು ಕಟ್ಟುವುದು ಮಷಿನ್‌ನಲ್ಲಿ ಆಗಲಿ, ಮೇಲಿನ ಹೊಲಿಗೆ ಕೈಯಲ್ಲಿರಲಿ. ಇಷ್ಟಕ್ಕೆ ಮನೆಯ ಮಷಿನ್ ಸಾಕು. 16 ಅಥವಾ 18ನೇ ನಂಬರಿನ ದಪ್ಪ ಸೂಜಿ ಹಾಕಿಕೊಳ್ಳಿ.

ಆರ್ಡರ್ ಕೈಮೀರುವಷ್ಟು ಬರುತ್ತಿದ್ದರೆ ಮಾತ್ರ ಗಾರ್ಮೆಂಟ್ಸ್‌ನವರು ಬಳಸುವ ಪವರ್ ಮಷಿನ್ ನೋಡಿ. ಅದರಲ್ಲಿ ನೇರ ಹೊಲಿಗೆ ಮಾತ್ರ ಬರುತ್ತದೆ, ಆದರೆ ದಿನವಿಡೀ ದುಡಿಯುತ್ತದೆ. ಸರ್ವೋ ಮೋಟಾರ್ ಇರುವುದನ್ನೇ ಕೇಳಿ. ಹಳೇ ಕ್ಲಚ್ ಮೋಟಾರ್ ಹೊಲಿಯದೇ ಇದ್ದಾಗಲೂ ತಿರುಗುತ್ತಲೇ ಇರುತ್ತದೆ. ಕರೆಂಟ್ ದಂಡ, ಸದ್ದಿಗೆ ಪಕ್ಕದ ಮನೆಯವರ ಮುನಿಸು ಬೇರೆ.

ಯಾವುದೇ ಮಷಿನ್ ಆಗಲಿ, ಅಂಗಡಿಯವರು ಕೊಡುವ ತುಂಡು ಬಟ್ಟೆಯಲ್ಲಿ ಹೊಲಿದು ನೋಡಿದರೆ ಸಾಲದು. ನಿಮ್ಮದೇ ಹಳೇ ಸೀರೆಯನ್ನು ನಾಲ್ಕೈದು ಪದರ ಮಡಚಿ ಒಯ್ಯಿರಿ. ಹೊಲಿದ ಮೇಲೆ ಅಡಿಭಾಗ ತಿರುಗಿಸಿ ನೋಡಿ, ದಾರ ಗಂಟುಗಂಟಾಗಿರಬಾರದು. ಬಾಬಿನ್ ಹತ್ತಿರದಲ್ಲೇ ಸಿಗುತ್ತಾ, ರಿಪೇರಿಯವರು ಮನೆಗೆ ಬರ್ತಾರಾ, ಕೇಳಿಕೊಳ್ಳಿ.

ಸಾಲ ಬೇಕೇ ಬೇಕಾದರೆ ಬಡ್ಡಿಯವರ ಹತ್ತಿರ ಹೋಗಬೇಡಿ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ ಎಂದು ಅದರಲ್ಲಿದೆ. ಈಗಾಗಲೇ ಹೊಲಿಗೆಯನ್ನೇ ಕಸುಬಾಗಿ ಮಾಡುತ್ತಿರುವವರು ವಿಚಾರಿಸಿ ನೋಡಬಹುದು.

ಮೊದಲು ನಾಲ್ಕು ಕೌದಿ ಮಾರಿ. ಮಷಿನ್ ಆಮೇಲೆ ಬರಲಿ, ಬಳೆ ಕೈಯಲ್ಲೇ ಇರಲಿ.