ಗೃಹಸ್ಥರ ಮಾತು: ಅಡಿಗೆಮನೆಯ ಗ್ಯಾಸು



ಕಳೆದ ತಿಂಗಳು ಉದ್ರಿ ವ್ಯವಹಾರದ ಬಗ್ಗೆ ಬರೆದಿದ್ದೆವು. ಈ ಸಲ ಅಂಗಡಿ ಬಿಟ್ಟು ಅಡಿಗೆಮನೆಗೆ ಬಂದಿದ್ದೇವೆ. ಕಾರಣ, ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ಹೇಳಿಕೊಳ್ಳಲು ಸಂಕೋಚವಿದೆ, ಆದರೂ ಹೇಳುತ್ತೇವೆ.

ಸೋಲಾಪುರ, ಅಕ್ಕಲಕೋಟೆ ಕಡೆಯ ನಮ್ಮವರ ಮನೆಗಳ ರೀತಿ ತಮಗೆಲ್ಲ ಗೊತ್ತು. ಮುಂದೆ ಅಂಗಡಿ, ನಡುವೆ ಪಡಸಾಲೆ, ಹಿಂದೆ ಅಡಿಗೆಮನೆ, ಅದಕ್ಕೆ ಹೊಂದಿ ದೇವರ ಗೂಡು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕು, ಹೀಗಾಗಿ ಸಂಜೆ ಗ್ಯಾಸಿಗೆ ಬಿಡುವಿಲ್ಲ. ಸೊಸೆ ಎರಡು ಸಲ ಹೇಳಿದ್ದಳು: "ಮಾಮಾರೀ, ಗ್ಯಾಸಿನ ಪೈಪ ಬಿರಿದೈತ್ರಿ, ಹೊಸಾದ ತರಸ್ರಿ." ನಾಳೆ, ನಾಡಿದ್ದು ಎನ್ನುತ್ತ ಹೋದೆವು. ಆ ಪೈಪನ್ನು ತಂದವರೂ ನಾವೇ. ಒಳಗೆ ಉಕ್ಕಿನ ತಂತಿಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ತುಟ್ಟಿಯೆಂದು, ಪೇಟೆಯಲ್ಲಿ ಸಾದಾ ರಬ್ಬರಿನದನ್ನು ಕೊಂಡಿದ್ದೆವು. ಉಳಿಸಿದ ಹಣಕ್ಕೆ ಒಂದು ಕಿಲೋ ತೊಗರಿಬೇಳೆಯೂ ಬರುತ್ತಿರಲಿಲ್ಲ.

ಒಂದು ಬೆಳಗಿನ ಜಾವ ಪಡಸಾಲೆಯವರೆಗೂ ವಾಸನೆ. ಸಾಮಾಯಿಕಕ್ಕೆ ಕೂತಿದ್ದ ನಮ್ಮ ಮನೆಯವರು ಕೂಗಿದರು. ಮೊಮ್ಮಗ ಕತ್ತಲೆಯೆಂದು ಲೈಟಿನ ಬಟನ್ನಿಗೆ ಕೈ ಹಾಕಿದ್ದ. ಸೊಸೆ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಕತ್ತಲಲ್ಲೇ ಹೋಗಿ ರೆಗ್ಯುಲೇಟರ್ ಬಂದ್ ಮಾಡಿ, ಹಿತ್ತಲ ಬಾಗಿಲು, ಕಿಟಕಿ ತೆರೆದಳು. ರಾತ್ರಿ ಒಲೆಯ ಕಿವಿ ತಿರುಗಿಸಿದ್ದೇ ಸಾಕೆಂದು ರೆಗ್ಯುಲೇಟರನ್ನು ಹಾಗೇ ಬಿಟ್ಟಿದ್ದೆವು. ಪೈಪು ಒಲೆಗೆ ಸಿಕ್ಕಿಸಿದ ಕಡೆ ಸೀಳಿತ್ತು. ಆ ಬಟನ್ ಒತ್ತಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಊಟ ಇಳಿಯುವುದಿಲ್ಲ.

ಈ ಗ್ಯಾಸಿಗೆ ಸ್ವಂತದ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಈಥೈಲ್ ಮರ್‌ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಬೆರೆಸುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ನೆಲ ಹಿಡಿದು ನೀರಿನಂತೆ ಹರಿದು ಹೊಸ್ತಿಲು ದಾಟುತ್ತದೆ. ಗಾಳಿಯಲ್ಲಿ ನೂರಕ್ಕೆ 2 ಪಾಲಿನಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತುತ್ತದೆ. ಬಟನ್ ಹಾಕಿದರೂ ಕಿಡಿ, ತೆಗೆದರೂ ಕಿಡಿ. ಫ್ಯಾನ್ ಹಾಕಿ ವಾಸನೆ ಓಡಿಸಲು ಹೋಗುವವರು ಇದನ್ನು ಲಕ್ಷ್ಯದಲ್ಲಿಡಬೇಕು. ತಾನೇ ಶುರುವಾಗುವ ಫ್ರಿಜ್ಜೂ ಅಷ್ಟೇ. ಸಿಲಿಂಡರ್ ಬದಲಿಸುವಾಗ ದೇವರ ನಂದಾದೀಪವನ್ನೂ ಶಾಂತ ಮಾಡಬೇಕು. ಇದಕ್ಕೆ ನಮ್ಮ ಮನೆಯವರು ಮೊದಮೊದಲು ಒಪ್ಪಲಿಲ್ಲ.

ನಮ್ಮ ಹೆಣ್ಣುಮಕ್ಕಳು ಒಲೆ ಹೊತ್ತಿಸುವ ಮೊದಲು ಬರ್ನರಿನಲ್ಲಿ ಇರುವೆ, ಹುಳು ಇದೆಯೇ ಎಂದು ನೋಡಿ ಮೆಲ್ಲಗೆ ಒರೆಸುತ್ತಾರೆ. ಯತ್ನಾಚಾರ ಅವರಿಗೆ ಹುಟ್ಟಿನಿಂದ ಬಂದದ್ದು. ಅದೇ ಕಣ್ಣು ಪೈಪಿನ ಮೇಲೂ ಓಡಲಿ. ಸುರಕ್ಷಾ ಪೈಪಾದರೂ 5 ವರ್ಷಕ್ಕೆ ಬದಲಿಸಲೇಬೇಕು. ಸೋರಿಕೆ ನೋಡಲು ಕಡ್ಡಿ ಗೀರುವವರನ್ನು ನಾವು ಕಂಡಿದ್ದೇವೆ. ಜೋಡಣೆಗೆ ಸಾಬೂನಿನ ನೀರು ಹಚ್ಚಿದರಾಯಿತು, ಗುಳ್ಳೆ ಬಂದಲ್ಲಿ ಸೋರಿಕೆ.

ಬಿಸ್ಕೀಟಿನ ಪೊಟ್ಟಣದ ತಾರೀಖು ನೋಡುವ ನಾವು ಸಿಲಿಂಡರಿನ ತಾರೀಖು ನೋಡಿದ್ದುಂಟೇ? ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಹೀಗೆ ಡಿವರೆಗೆ. "ಬಿ-29" ಎಂದಿದ್ದರೆ 2029ರ ಜೂನ್ ಒಳಗೆ ಅದು ಮರುಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದನ್ನು ಬಾಗಿಲಲ್ಲೇ ವಾಪಸು ಮಾಡಿರಿ. ತೂಕದ ಜೊತೆಗೆ ವಾಲ್ವಿನೊಳಗಿನ ಸಣ್ಣ ರಬ್ಬರಿನ ಉಂಗುರವನ್ನೂ ತಂದವನಿಂದಲೇ ನೋಡಿಸಿರಿ.

ಚಾತುರ್ಮಾಸದಲ್ಲಿ ಮುನಿಸಂಘ ಬಂದಾಗ ಹಾಕುವ ಚೌಕಾಗಳಲ್ಲೂ ಈಗ ಕೆಲವು ಕಡೆ ಗ್ಯಾಸು ಬಂದಿದೆ. ಶುದ್ಧಿಗಾಗಿ ಬಾಗಿಲು, ಪರದೆ ಹಾಕಿದ ಸಣ್ಣ ಕೋಣೆ. ಸಿಲಿಂಡರನ್ನು ನೆಟ್ಟಗೆ, ಒಲೆಗಿಂತ ತಗ್ಗಿನಲ್ಲಿಡಬೇಕು. ನೆಲದ ಮಟ್ಟದಲ್ಲಿ ಗಾಳಿ ಹೊರಹೋಗಲು ದಾರಿಯೂ ಬೇಕು. ಪಂಚರು ಇದರ ಕಡೆ ಲಕ್ಷ್ಯ ಕೊಡಬೇಕೆಂದು ವಿನಂತಿ.

ಸೋರಿಕೆಯಾದರೆ ಹಗಲು ರಾತ್ರಿ ಎನ್ನದೆ 1906ಕ್ಕೆ ಫೋನು ಮಾಡಬಹುದು, ಆದರೆ ಮನೆಯಿಂದ ಹೊರಗೆ ಬಂದ ಮೇಲೆ. ಮೊಮ್ಮಗ ಆ ನಂಬರನ್ನು ಅಡಿಗೆಮನೆಯ ಬಾಗಿಲ ಮೇಲೆ ತನ್ನ ಶಾಲೆಯ ಮರಾಠಿ ಅಂಕಿಯಲ್ಲಿ ಬರೆದಿದ್ದಾನೆ. ನಮ್ಮ ಮನೆಯವರಿಗಾಗಿ ಅದರ ಕೆಳಗೆ ಕನ್ನಡ ಅಂಕಿಯಲ್ಲಿ ನಾವು ಬರೆದೆವು.